ಟಾಂಕಿಯ ತಳದ ಒಂದು ಗೇಣು

ನದಿಯೇ ಇಲ್ಲದ ಕುವೈಟಿನಲ್ಲಿ ಕೂತು ನದಿ ಕಾಯುತ್ತಿದ್ದವರು ಯಾರಾದರೂ ಇದ್ದರೆ ಅದು ನನ್ನ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ! ಊರಿನಲ್ಲಿದ್ದಾಗ ನೇತ್ರಾವತಿಯ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸುವ ಕೆಲಸ ಮಾಡಿದ್ದರಂತೆ. ಮಿರ್ಕಾಬ್‌ ಪೇಟೆಯಲ್ಲಿ ಗುಮಾಸ್ತರಾದ ಮೇಲೂ ಆ ಚಾಳಿ ಬಿಡಲಿಲ್ಲ. ನದಿ ಇಲ್ಲದಿದ್ದರೇನು? ರಿಗ್ಗೈ ಬಡಾವಣೆಯಲ್ಲಿ ನಾವೆಲ್ಲ ಒಟ್ಟಿಗಿದ್ದ ಕಟ್ಟಡದ ತಾರಸಿಯಲ್ಲಿ ನೀರಿನ ಟಾಂಕಿ ಇತ್ತಲ್ಲ!

ನಾನು ಸ್ನಾನಕ್ಕೆ ನಲ್ಲಿ ಪೂರ್ತಿ ತಿರುಗಿಸಿದರೆ ಸಾಕು, ಬಾಗಿಲು ಬಡಿಯುತ್ತಿದ್ದರು.

"ಮೆಲ್ಲ ಬಿಡಿ ಮಾರಾಯ್ರೆ! ವಿಷ ಎಲ್ಲ ಮಣ್ಣಿಗೆ ಅಂಟಿ ತಳದಲ್ಲಿ ಮಲಗಿರ್ತದೆ. ನೀರು ಜೋರು ಓಡಿದ್ರೆ ಏಳ್ತದೆ!"

"ಏಳಲಿ ಭಾವ, ನನಗೆ ಆಫೀಸಿಗೆ ಹೊತ್ತಾಯ್ತು!"

"ಹೊಳೆಗೆ ನಿಮ್ಮ ಆಫೀಸು ಗೊತ್ತುಂಟಾ?"

ಅವರು ಕೊಡುವ ಚಹಾ ಎಂದೂ ಬಿಸಿ ಇರುತ್ತಿರಲಿಲ್ಲ. ಪುಡಿ ತಾನಾಗಿ ತಳಕ್ಕೆ ಕೂರಬೇಕಂತೆ! ಮನೆಯಲ್ಲಿ ಸೋಸುವ ಜಾಲರಿ ಇರಲಿಲ್ಲವೇ? ಇತ್ತು. ಅದು ಅವಸರದವರ ಸಾಮಾನಂತೆ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿ ಸೈನ್ಯ ಬಂದ ಮೇಲೆ ನಲ್ಲಿ ನಂಬುವ ಹಾಗಿರಲಿಲ್ಲ. ನನ್ನ ಮಗಳಿಗೆ ಎರಡು ತಿಂಗಳು, ಡಬ್ಬಿ ಹಾಲೇ ಗತಿ. ಕೆಟ್ಟ ನೀರು ಹೊಟ್ಟೆಗೆ ಹೋದರೆ ಆ ಗಲಾಟೆಯಲ್ಲಿ ಕೂಸನ್ನು ಎಲ್ಲಿಗೆ ಎತ್ತಿಕೊಂಡು ಓಡುವುದು? ಒಂದು ಮಧ್ಯಾಹ್ನ ಟ್ಯಾಂಕರ್ ಬಂತು. ಅದರ ಪೈಪಿನ ರಭಸಕ್ಕೆ ನಮ್ಮ ಟಾಂಕಿಯ ವರ್ಷಗಟ್ಟಲೆಯ ಕೆಸರೆಲ್ಲ ಎದ್ದಿತು. ಎಲ್ಲರೂ ಬಕೆಟ್ ಹಿಡಿದು ಓಡಿದರೆ ಭಾವ ಲುಂಗಿ ಎತ್ತಿ ಕಟ್ಟಿ, ವಾಲ್ವ್ ಮುಚ್ಚಿ, ಅದರೆದುರೇ ಕುಳಿತುಬಿಟ್ಟರು!

"ನಾಳೆ ಬೆಳಿಗ್ಗೆವರೆಗೆ ನೀರು ಬಂದ್, ಖಲಾಸ್!"

"ಪಾಗಲ್ ಹೋ ಗಯಾ ಕ್ಯಾ, ಭಾಯಿ?" ಎಂದರು ಕೆಳಗಿನ ಮನೆಯವರು. ನಾನೂ ಹುಚ್ಚ ಎಂದೇ ಬೈದೆ. ಅವರು ಏಳಲಿಲ್ಲ.

ಬೆಳಿಗ್ಗೆ ಮೇಲಿನ ನೀರು ತಿಳಿಯಾಗಿತ್ತು. ಕದಡದ ಹಾಗೆ ಮೆಲ್ಲನೆ ತೆಗೆದು, ಕುದಿಸಿ, ಕೂಸಿಗೆ ಕೊಟ್ಟರು. ಕಾಯದೆ ತುಂಬಿಸಿಕೊಂಡ ಪಕ್ಕದ ಕಟ್ಟಡದಲ್ಲಿ ವಾರವಿಡೀ ಪಾಯಿಖಾನೆಗೆ ಸಾಲು! ಅಂದಿನಿಂದ ತಳದ ಒಂದು ಗೇಣು ನೀರನ್ನು ಯಾರೂ ಮುಟ್ಟಬಾರದೆಂಬುದು ಭಾವನ ಕಾನೂನಾಯಿತು. ಆದರೆ ಅವರೇ ಆಗಾಗ ಹೊಟ್ಟೆ ಹಿಡಿದುಕೊಂಡು ಊಟ ಬಿಡುತ್ತಿದ್ದರು. ಕೇಳಿದರೆ "ಸೋಮವಾರದ ಉಪವಾಸ" ಎನ್ನುತ್ತಿದ್ದರು. ಮಂಗಳವಾರವೂ!

ಊರಿನ ವಿಮಾನ ಸಿಗುವ ಅಮ್ಮಾನಿಗೆ ಹೋಗುವ ಬಸ್ಸಿನಲ್ಲಿ ಜಾಗ ಸಿಕ್ಕಿದ ದಿನ ಗಂಟುಮೂಟೆ ಕಟ್ಟುವಾಗ ಅವರ ಕುಡಿಯುವ ಬಾಟಲಿ ಕಣ್ಣಿಗೆ ಬಿತ್ತು. ತಳದಲ್ಲಿ ಬೆರಳುದ್ದ ಕೆಸರು.

"ಭಾವ, ನೀವು ಇಷ್ಟು ದಿನ ಕುಡಿದದ್ದು ಆ ತಳದ ನೀರನ್ನಾ?"

"ಮೇಲಿನದ್ದು ಕೂಸಿಗೆ ಬೇಕಲ್ಲ ಮಾರಾಯ್ರೆ. ಅಲುಗಾಡಿಸದೆ ಕುಡಿದ್ರೆ ಎಂತ ಆಗುದಿಲ್ಲ."

ಇವರನ್ನೇ ನಾನು ಹುಚ್ಚ ಎಂದು ಬೈದಿದ್ದೆ. ನನ್ನ ಮಗಳು ಉಳಿದದ್ದು ಈ ಮನುಷ್ಯನಿಂದ. ಬಾಟಲಿ ಹಿಡಿದುಕೊಂಡೇ ಬಗ್ಗಿ ಕಾಲು ಮುಟ್ಟಿದೆ.

"ಮೆಲ್ಲ, ಮೆಲ್ಲ," ಎಂದರು ಭಾವ, "ಬಾಟ್ಲಿ ಕದಡ್ತದೆ."