ಮಜ್ಜಿಗೆ ಕುಡಿದ ಕಾರು

ಮಾತಾಡುವ ವಸ್ತುಗಳನ್ನು ಮನೆಗೆ ತರಬಾರದು ಎಂಬುದನ್ನು ನಾನು ಸ್ವಲ್ಪ ತಡವಾಗಿ ಕಲಿತೆ. ಮನೆಯಲ್ಲಿ ಮಾತಾಡುವವರು ಮೊದಲೇ ಬೇಕಾದಷ್ಟಿರುತ್ತಾರೆ; ಅವರ ಜೊತೆಗೆ ಅಂಗಳದಲ್ಲಿ ನಿಂತ ಕಾರೂ ಬುದ್ಧಿ ಹೇಳತೊಡಗಿದರೆ ಮನುಷ್ಯ ಎಲ್ಲಿಗೆ ಹೋಗಬೇಕು? ನಮ್ಮ ಹಳೆಯ ಕಾರು ಮೂಕಬಸವ. ಗೇರು ಬೀಳದಿದ್ದರೂ, ಕನ್ನಡಿ ಕಳಚಿ ಬಿದ್ದರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಕೆಟ್ಟು ನಿಂತರೆ ಬಾನೆಟ್ ಎತ್ತಿ, ನಾಲ್ಕು ಜನ ಬಗ್ಗಿ ನೋಡಿ, ಅವರಲ್ಲೊಬ್ಬರು ಎಲ್ಲಾದರೂ ಗುದ್ದಿದರೆ ಶುರುವಾಗುತ್ತಿತ್ತು. ಅದನ್ನು ಕೊಟ್ಟು ಹೊಸದನ್ನು ತಂದೆ. ಹೊಸದರ ಬಾನೆಟ್ ಎತ್ತಿದರೆ ಒಳಗೆ ಒಂದು ಕಪ್ಪು ಮುಚ್ಚಳ ಬಿಟ್ಟು ಬೇರೇನೂ ಕಾಣುವುದಿಲ್ಲ. ಗುದ್ದೋಣವೆಂದರೂ ಜಾಗವಿಲ್ಲ. ಅದಕ್ಕೇನಾಗಿದೆ ಎಂದು ಅದೇ ಬಾಯಿಬಿಟ್ಟು ಹೇಳಬೇಕು, ಅದು ಹೇಳುವುದರಲ್ಲಿ ಅರ್ಧಕ್ಕರ್ಧ ಸುಳ್ಳು.

ಹಾನಗಲ್ಲಿನಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಹೀಗಾಗಿ ಕಾರಿನ ಮುಂದಿನ ಸೀಟಿನಲ್ಲಿ ಮನುಷ್ಯರಿಗಿಂತ ಗೊಬ್ಬರದ ಚೀಲಗಳೇ ಹೆಚ್ಚು ಕೂರುತ್ತವೆ. ಚೀಲ ಇಟ್ಟ ಕೂಡಲೇ ಕಾರು ಯಾರೋ ಬೆಲ್ಟ್ ಹಾಕಿಲ್ಲವೆಂದು ಕೂಗಲು ಶುರುಮಾಡುತ್ತದೆ. ಯೂರಿಯಾ ಚೀಲಕ್ಕೆ ಬೆಲ್ಟ್ ಬಿಗಿದು, ಅದರ ಪಕ್ಕದಲ್ಲಿ ಗಂಭೀರವಾಗಿ ಕೂತು ಊರೊಳಗೆ ಹಾಯುವಾಗ ಜನ ನಗುತ್ತಿದ್ದರು. ಮುಚ್ಚಿದ ಬಾಗಿಲು ತೆರೆದಿದೆ ಎನ್ನುವುದು, ತುಂಬಿದ ಟೈರಿನಲ್ಲಿ ಗಾಳಿ ಇಲ್ಲವೆನ್ನುವುದು ಅದಕ್ಕೆ ದಿನದ ಮಾತು. ಒಮ್ಮೆ ಶಿಗ್ಗಾವಿಯ ನಡುಪೇಟೆಯಲ್ಲಿ ಯಾವ ಕಾರಣವನ್ನೂ ಕೊಡದೆ ನಿಂತುಬಿಟ್ಟಿತು. ಸರ್ವಿಸಿನವರು ಫೋನಿನಲ್ಲಿ, "ಆಫ್ ಮಾಡಿ ಆನ್ ಮಾಡ್ರಿ" ಎಂದರು. ಅಷ್ಟನ್ನು ಹೇಳಲು ಅವರು ಎಷ್ಟು ಓದಿರಬೇಕೋ.

ಇವೆಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ಒಂದು ಚಹಾದ ಕಪ್ಪು. ಓಡಿಸುವವನ ಗಮನ ರಸ್ತೆಯ ಮೇಲಿಲ್ಲ ಎಂದು ಕಾರಿಗೆ ಅನುಮಾನ ಬಂದರೆ ಸ್ಟಿಯರಿಂಗಿನ ಹಿಂದೆ ಹೊಗೆಯಾಡುವ ಒಂದು ಕಪ್ಪಿನ ಚಿತ್ರ ಮೂಡುತ್ತದೆ. ಮೊದಲ ಸಲ ಅದನ್ನು ಕಂಡ ಅವ್ವ ಹಿಂದಿನ ಸೀಟಿನಿಂದ ಕೇಳಿದಳು.

"ಅದೇನೋ ಕಪ್ಪು ಬಂತಲ್ಲ?"

"ನನ್ನ ಲಕ್ಷ್ಯ ರಸ್ತೆ ಮ್ಯಾಲಿಲ್ಲಂತ, ಇಳಿದು ಚಾ ಕುಡೀಬೇಕಂತ."

"ಖರೇನ ಹೇಳೈತಿ. ನಿಲ್ಲಸು, ನನಗೂ ತಲಿ ಹಿಡದೈತಿ."

ಅವ್ವ ಬೆಲ್ಟಿಗೆ ಮಾತ್ರ ಒಪ್ಪಿದವಳಲ್ಲ. "ನಾ ಏನ್ ಹರಕೊಂಡು ಓಡೋ ಹೋರಿ ಏನು, ಕಟ್ಟಿ ಹಾಕಾಕ?" ಎನ್ನುತ್ತಿದ್ದಳು. ಕೊನೆಗೆ ಬೆಲ್ಟನ್ನು ಅವಳ ಬೆನ್ನ ಹಿಂದೆಯೇ ಸಿಕ್ಕಿಸಿ, ಅವಳನ್ನು ಅದರ ಮುಂದೆ ಕೂರಿಸುವ ಉಪಾಯ ಕಂಡುಕೊಂಡೆ. ಕಾರಿಗೂ ಸಮಾಧಾನ, ಅವ್ವನಿಗೂ ಸಮಾಧಾನ. ಇನ್ನೊಂದು ಉಪಾಯವನ್ನು ಸವಣೂರಿನಲ್ಲಿ ಮಾಡಿದೆ. ಅಲ್ಲಿ ಬುಟ್ಟಿಯಲ್ಲಿದ್ದ ಎಳೆಯ ವೀಳ್ಯದೆಲೆ ಕಂಡದ್ದೇ ತಡ, ಅವ್ವ ಓಡುವ ಕಾರಿನ ಬಾಗಿಲು ತೆರೆದು ದರ ಕೇಳಿದ್ದಳು. ನನ್ನ ಜೀವ ಬಾಯಿಗೆ ಬಂತು. ಅಂದೇ ಹಿಂದಿನ ಬಾಗಿಲುಗಳನ್ನು ಒಳಗಿನಿಂದ ತೆರೆಯದಂತೆ, ಸಣ್ಣ ಮಕ್ಕಳಿಗಾಗಿ ಇರುವ ಲಾಕ್ ಹಾಕಿಬಿಟ್ಟೆ. ಬುದ್ಧಿವಂತ ಕಾರಿನ ಸಹವಾಸದಲ್ಲಿ ನನಗೂ ಬುದ್ಧಿ ಬಂದಿದೆ ಎಂದು ಆಗ ಹೆಮ್ಮೆಪಟ್ಟೆ.

ಹೋದ ಸಂಕ್ರಾಂತಿ ಮುಗಿದ ಮೇಲೆ ಹಿರೇಕೆರೂರಿನಲ್ಲಿ ತಂಗಿಯ ಕುಬಸವಿತ್ತು. ಚೊಚ್ಚಲ ಬಸಿರಿಗೆ ತವರಿನಿಂದ ಬುತ್ತಿ ಹೋಗಬೇಕು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕರಿಗಡುಬು ತುಂಬಿದ ಬುಟ್ಟಿ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿತು. ಹಿಂದೆ ಅವ್ವ, ಅವಳ ಮಡಿಲಲ್ಲಿ ಮಜ್ಜಿಗೆಯ ಕ್ಯಾನು. ತಂಗಿಗೆ ಅವ್ವನ ಮಜ್ಜಿಗೆಯ ಬಯಕೆಯಾಗಿತ್ತು, ಹಾಗಾಗಿ ಕ್ಯಾನನ್ನು ಕೆಳಗಿಡಲು ಅವ್ವ ಸುತರಾಂ ಒಪ್ಪಲಿಲ್ಲ.

ತಿಳವಳ್ಳಿ ದಾಟಿದ ಮೇಲೆ ರಸ್ತೆಯ ತುಂಬ ಹುರುಳಿ ಹಾಸಿದ್ದರು. ನಮ್ಮ ಕಡೆ ಅದು ಹೊಸದಲ್ಲ. ಎತ್ತು ಕಟ್ಟಿ ಒಕ್ಕುವ ಕಾಲ ಹೋಯಿತು; ಒಣಗಿದ ಬಳ್ಳಿಯನ್ನು ಡಾಂಬರಿನ ಮೇಲೆ ಹಾಸಿದರೆ ಬಸ್ಸು, ಲಾರಿಗಳು ಬಿಟ್ಟಿಯಾಗಿ ತುಳಿದುಕೊಟ್ಟು ಹೋಗುತ್ತವೆ. ಬಳ್ಳಿ ದಪ್ಪಗಿದ್ದಾಗ ಸಣ್ಣ ಗಾಡಿಗಳು ಪಕ್ಕದಲ್ಲಿ ಬಿಟ್ಟ ದಾರಿಯಲ್ಲಿ ಹೋಗಬೇಕೆಂದು ಎಲ್ಲರಿಗೂ ಗೊತ್ತು. ನನಗೂ ಗೊತ್ತು, ಆದರೆ ಅದೇ ಹೊತ್ತಿಗೆ ಗಿರಾಕಿಯೊಬ್ಬರ ಫೋನು ಕಾರಿನೊಳಗೆಲ್ಲ ಮೊಳಗಿತು. ಅವರಿಗೆ ಗೊಬ್ಬರ ಬಂದಿದೆಯೋ ಇಲ್ಲವೋ ಹೇಳುತ್ತಿರುವಾಗಲೇ ಅವ್ವ ಬೆನ್ನಿಗೆ ಚುಚ್ಚುತ್ತದೆಂದು ಬೆಲ್ಟ್ ಬಿಚ್ಚಿದಳು. ಕಾರು ಕಿರುಚಿತು. ಕಪ್ಪೂ ಮೂಡಿತು. ಆ ಗದ್ದಲವನ್ನು ಅಡಗಿಸುವ ಗುಂಡಿ ಪರದೆಯ ಯಾವ ಮೂಲೆಯಲ್ಲಿದೆಯೆಂದು ಬೆರಳಾಡಿಸುತ್ತ ಹುಡುಕಿ, ದನಿಯನ್ನು ಪೂರ್ತಿ ಇಳಿಸಿ ತಲೆ ಎತ್ತಿದಾಗ ಕಾರು ಹುರುಳಿಯ ನಡುವೆ ಈಜುತ್ತಿತ್ತು. ಹೇಗೋ ಆಚೆ ದಡ ಸೇರಿದೆ.

"ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲೋ" ಎಂದಳು ಅವ್ವ.

"ಬುತ್ತ್ಯಾಗಿನ ಬದನಿಕಾಯಿ ಇರಬೇಕು ಬಿಡಬೇ."

"ನಾ ಮಾಡಿದ ಬದನಿಕಾಯಿ ಎಂದಾರ ಸೀದೈತೇನು?"

ಆ ಮಾತು ಸತ್ಯ. ಕನ್ನಡಿಯಲ್ಲಿ ನೋಡಿದೆ. ನಮ್ಮ ಹಿಂದೆ ಹೊಗೆ, ಹೊಗೆಯ ಹಿಂದೆ ಸೆರಗು ಬೀಸುತ್ತ ಓಡಿಬರುವ ಒಬ್ಬ ಹೆಣ್ಣುಮಗಳು. ಕಾರಿನ ಹೊಟ್ಟೆಗೆ ಸುತ್ತಿಕೊಂಡ ಬಳ್ಳಿ ಕಾದ ಸೈಲೆನ್ಸರಿಗೆ ತಾಗಿ ಹೊತ್ತಿತ್ತು. ಪರದೆಯ ಮೇಲೆ ಯಾವುದೋ ಕೆಂಪು ಅಕ್ಷರ ಕುಣಿಯುತ್ತಿತ್ತು, ದನಿ ಇರಲಿಲ್ಲ. ಅದನ್ನು ನಾನೇ ಅಡಗಿಸಿದ್ದೆನಲ್ಲ.

ನಿಲ್ಲಿಸಿ ಕೆಳಗೆ ಹಾರಿದೆ. ಹಿಂದಿನ ಬಾಗಿಲು ಜಗ್ಗಿದೆ, ಬರಲಿಲ್ಲ; ಕಾರು ತಾನೇ ಬೀಗ ಹಾಕಿಕೊಂಡಿತ್ತು. ಕೈಯಲ್ಲಿದ್ದ ಕೀಲಿಯ ಗುಂಡಿ ಒತ್ತಿದೆ, ಒತ್ತುತ್ತಲೇ ಜಗ್ಗಿದೆ, ಮತ್ತೆ ಒತ್ತಿದೆ. ಬೀಗ ಕುಂಯ್ ಎಂದು ತೆರೆಯುತ್ತದೆ, ಕುಂಯ್ ಎಂದು ಮುಚ್ಚುತ್ತದೆ. ಒಳಗೆ ಅವ್ವ ಗಾಜು ಬಡಿಯುತ್ತಿದ್ದಾಳೆ. ಅವಳ ಕಡೆಯ ಹಿಡಿಕೆಯನ್ನು ಕೆಲಸಕ್ಕೆ ಬಾರದಂತೆ ಮಾಡಿದವನು ಅವಳ ಹೊಟ್ಟೆಯಲ್ಲಿ ಹುಟ್ಟಿದ ನಾನು. ನಾನು ಹೆದರುವ ಆಸಾಮಿಯಲ್ಲ ಎಂದು ಅಂಗಡಿಯಲ್ಲಿ ಕೂತು ಹೇಳಿಕೊಳ್ಳುವುದುಂಟು. ಆ ಗಳಿಗೆಯಲ್ಲಿ ಹೆದರಿದಷ್ಟು ನನ್ನ ಜನ್ಮದಲ್ಲೇ ಹೆದರಿರಲಿಲ್ಲ.

ಓಡಿಬಂದ ಹೆಣ್ಣುಮಗಳು ನನ್ನ ಕೈಗೆ ಫಟ್ಟನೆ ಹೊಡೆದಳು. "ಅಣ್ಣಾರ, ಹಿಡಿಕಿ ಬಿಡ್ರಿ! ಮೊದ್ಲ ಒತ್ರಿ, ಆಮ್ಯಾಲೆ ಜಗ್ರಿ!"

ಬಿಟ್ಟೆ. ಒತ್ತಿದೆ. ಅವಳೇ ಜಗ್ಗಿದಳು. ಬಾಗಿಲು ತೆರೆಯಿತು, ಅವ್ವ ಹೊರಗೆ ಬಂದಳು, ಕ್ಯಾನಿನ ಸಮೇತ. ನಾನು ಅವಳ ರಟ್ಟೆ ಹಿಡಿದು ದೂರ ಎಳೆದರೆ ಅವಳು ಕೊಸರಿಕೊಂಡು ಹೋಗಿ, ಮುಚ್ಚಳ ತೆಗೆದು, ಮಗಳ ಬಯಕೆಯ ಮಜ್ಜಿಗೆಯನ್ನು ಕಾರಿನ ಕೆಳಗೆ ದೊಳದೊಳನೆ ಸುರಿದುಬಿಟ್ಟಳು. ಅಷ್ಟರಲ್ಲಿ ಹುರುಳಿ ಹಾಸಿದ್ದವರು ಕೊಡಗಟ್ಟಲೆ ನೀರು ತಂದರು, ಕೋಲು ಹಾಕಿ ಬಳ್ಳಿ ಎಳೆದರು. ಚುಂಯ್ ಎಂದು ಹೊಗೆ ಅಡಗಿತು. ಕರಿಬೇವು-ಜೀರಿಗೆಯ ಒಗ್ಗರಣೆ ವಾಸನೆ ರಸ್ತೆಯಲ್ಲೆಲ್ಲ ಹರಡಿತು. ನಾನು ರಸ್ತೆಯ ಬದಿಗೆ ಕುಸಿದು, ಅವ್ವನ ಸೆರಗು ಹಿಡಿದುಕೊಂಡು ಸಣ್ಣ ಹುಡುಗನ ಹಾಗೆ ಅತ್ತೆ. ನಗೆಯೂ ಬರುತ್ತಿತ್ತು.

"ನಿಲ್ರಿ ನಿಲ್ರಿ ಅಂತ ಸೆರಗು ಬೀಸೀನ್ರೀ, ಈ ಅಣ್ಣಾರು ನೋಡಲೇ ಇಲ್ಲ" ಎಂದು ಆ ಹೆಣ್ಣುಮಗಳು ಅವ್ವನಿಗೆ ದೂರು ಕೊಟ್ಟಳು.

"ನಾ ನೋಡೇನವಾ. ಹುರುಳಿ ಮಾರಾಕ ಕರಿಯಾಕತ್ತಿ ಅಂತ ತಿಳ್ಕೊಂಡೆ" ಎಂದಳು ಅವ್ವ.

ಕಾರನ್ನು ಅಲ್ಲೇ ಬಿಟ್ಟು, ಗೋವಿನಜೋಳದ ಚೀಲ ಹೇರಿಕೊಂಡು ಹೊರಟಿದ್ದ ಒಂದು ಟೆಂಪೋದಲ್ಲಿ ಕುಬಸಕ್ಕೆ ಹೋದೆವು. ಬುತ್ತಿ ಬಿಚ್ಚಿದಾಗ ತಂಗಿಯ ಅತ್ತೆ ಕೇಳಿದರು. "ಮಜ್ಜಿಗಿ ತರಲಿಲ್ಲೇನ್ರಿ ಬೀಗರ?"

"ತಂದಿದ್ವಿರಿ. ದಾರ್ಯಾಗ ಗಾಡಿಗೆ ಭಾಳ ಉರಿ ಎದ್ದಿತ್ತು, ಅದಕ್ಕ ಕುಡಿಸಿದ್ವಿ" ಎಂದಳು ಅವ್ವ, ಒಂಚೂರೂ ನಗದೆ. ತಂಗಿಗೆ ಅಲ್ಲಿಯೇ ಮೊಸರು ಕಡೆದುಕೊಟ್ಟಳು.

ಕಾರು ರಿಪೇರಿಯಾಗಿ ಬಂತು. ಈಗ ಬುಟ್ಟಿ, ಚೀಲಗಳೆಲ್ಲ ಹಿಂದೆ. ಮಕ್ಕಳ ಲಾಕ್ ತೆಗೆದಿದ್ದೇನೆ. ಅವ್ವ ಮುಂದಿನ ಸೀಟಿನಲ್ಲಿ, ಬೆಲ್ಟನ್ನು ತಾನೇ ಎಳೆದು ಹಾಕಿಕೊಳ್ಳುತ್ತಾಳೆ. ನನ್ನ ಫೋನು ಅವಳ ಎಲೆ-ಅಡಿಕೆಯ ಸಂಚಿಯಲ್ಲಿ. ಗಿರಾಕಿಗಳಿಗೆ ಅವಳೇ ಉತ್ತರ ಕೊಡುತ್ತಾಳೆ. "ಅಂವಾ ಗಾಡಿ ಹೊಡಿಯಾಕತ್ತಾನ. ನಿಮ್ಮ ಗೊಬ್ಬರ ಎಲ್ಲೂ ಓಡಿ ಹೋಗೂದಿಲ್ಲ, ಇಡ್ರಿ." ಇಷ್ಟಾದರೂ ಆ ಹಾಳು ಕಪ್ಪು ಮಾತ್ರ ಮೂಡುವುದನ್ನು ಬಿಡಲಿಲ್ಲ. ಅವ್ವನ ಕಣ್ಣು ತೋರಿಸಲು ಹಾವೇರಿಗೆ ಹೋದಾಗ ಸರ್ವಿಸಿನವರಿಗೆ ಕಾರು ಒಪ್ಪಿಸಿ, ಇದೊಂದು ಸುಳ್ಳನ್ನಾದರೂ ಬಿಡಿಸಿಕೊಡಿ ಎಂದು ಜಗಳವಾಡಿದೆ. ಅವರು ತಂತಿ ಚುಚ್ಚಿ, ಪರದೆ ನೋಡಿ, ತಲೆ ಕೆರೆದುಕೊಂಡು, "ಸರ್, ಗಾಡ್ಯಾಗ ಏನೂ ದೋಷ ಇಲ್ರಿ" ಎಂದರು.

ಬೆಲ್ಟ್ ಬಿಚ್ಚದೆ ಕೂತಿದ್ದ ಅವ್ವ ಕಿಟಕಿಯಿಂದ ಇಣುಕಿ ಹೇಳಿದಳು. "ಅದು ಗಾಡೀದಲ್ಲಪಾ, ಇಂವಂದು. ಅವತ್ತಿನಿಂದ ರಸ್ತೆ ಬಿಟ್ಟು ನನ್ನ ಮಾರೀನ ನೋಡಾಕತ್ತಾನ, ಅದಾಳೋ ಇಲ್ಲೋ ಅಂತ."