ದೊಡ್ಡ ಗಾಡಿಯ ಬಿಳಿ ಸ್ವಿಚ್ಚಿಗೆ ಬೆರಳು ತಾಗಿಸುವ ಕುರಿತು

ದಿನಾಂಕ: 27-09-2019, ಶುಕ್ರವಾರ, ಬೆಳಿಗ್ಗೆ 11 ಗಂಟೆ 42 ನಿಮಿಷ
ಸಂಖ್ಯೆ: ವಾಶಾ/ಸ್ವಿಚ್/01/2019-20

ಸುತ್ತೋಲೆ

ವಿಷಯ: ಇಲಾಖೆಯ ಏಕೈಕ ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ (ಸಿಬ್ಬಂದಿಯ ಬಾಯಲ್ಲಿ ‘ದೊಡ್ಡ ಗಾಡಿ’) ಹಿಂದಿನ ಚಕ್ರಗಳ ಚಾಲನೆಯನ್ನು ನಿಲ್ಲಿಸಲು ಅಳವಡಿಸಿರುವ ಬಿಳಿ ಸ್ವಿಚ್ಚನ್ನು ಯಾರು, ಯಾವಾಗ, ಯಾವ ಬೆರಳಿನಿಂದ ಮುಟ್ಟಬಹುದು ಎಂಬ ಬಗ್ಗೆ.

ಉಲ್ಲೇಖ:
(1) ವಿದ್ಯುತ್ ಮಿತವ್ಯಯ ಸುತ್ತೋಲೆ, ದಿ. 03-06-2019: “ಕಚೇರಿ ಬಿಡುವಾಗ ಕಣ್ಣಿಗೆ ಬಿದ್ದ ಪ್ರತಿಯೊಂದು ಸ್ವಿಚ್ಚನ್ನೂ ಆರಿಸತಕ್ಕದ್ದು.”
(2) ನಿರ್ದೇಶಕರು ದಿ. 19-09-2019ರಂದು ವಾಹನದ ಹಿಂದಿನ ಸೀಟಿನಿಂದ ನೀಡಿದ ಮೌಖಿಕ ಆದೇಶ: “ಮುಟ್ಟಬೇಡ.”
(3) ಚಾಲಕರು ಈ ಶಾಖೆಯ ಬಾಗಿಲಲ್ಲಿ ನಿಂತು ಮಾಡಿದ ಮೌಖಿಕ ಮನವಿ, ಒಟ್ಟು ಆರು ಬಾರಿ.

ಪ್ರಸ್ತಾವನೆ:

ಸದರಿ ವಾಹನವು ತಿಂಗಳಿಗೊಮ್ಮೆ ಏರುದಾರಿ ಹತ್ತಿ ಮೇಲಿನ ಗಾಳಿ-ಮಳೆ ಅಳತೆ ಠಾಣೆಗೆ ಹೋಗಿಬರುತ್ತದೆ. ಉಳಿದ ದಿನಗಳಲ್ಲಿ ಕಚೇರಿಯ ಕಾಂಕ್ರೀಟ್ ಅಂಗಳದಲ್ಲಿ ತಿರುಗುತ್ತದೆ. ಇಕ್ಕಟ್ಟಾದ ಒಣ ನೆಲದಲ್ಲಿ ಪೂರ್ತಿ ತಿರುಗಿಸುವಾಗ ಮುಂದಿನ ಚಕ್ರಗಳು ಕ್ರಮಿಸುವ ದೂರ ಹೆಚ್ಚು, ಹಿಂದಿನವು ಕ್ರಮಿಸುವ ದೂರ ಕಡಿಮೆ. ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಬಿಗಿತವಿದ್ದರೆ ಗಾಡಿ ನರಳುತ್ತದೆ, ಟೈರು ನೆಲಕ್ಕೆ ಉಜ್ಜುತ್ತದೆ. ಈ ನರಳಾಟವನ್ನು ಕೇಳಲಾರದೆ ಚಾಲಕರು ಇಲಾಖೆಯ ಎಲೆಕ್ಟ್ರಿಷಿಯನ್ ಅವರಿಂದ, ಹಿಂದಿನ ಚಕ್ರಗಳನ್ನು ಬೆಸೆಯುವ ಭಾಗಕ್ಕೆ ಹೋಗುವ ತಂತಿಯ ನಡುವೆ ಒಂದು ಸ್ವಿಚ್ ಹಾಕಿಸಿಕೊಂಡಿರುವುದು ಕಂಡುಬಂದಿದೆ. ಸ್ವಿಚ್ ಹಾಕಿದ್ದರೆ ನಾಲ್ಕು ಚಕ್ರ; ಆರಿಸಿದರೆ ಎರಡು. ಸ್ಟೋರಿನಲ್ಲಿ ಬೇರೆ ಇಲ್ಲದ ಕಾರಣ ಗೋಡೆಗೆ ಹಾಕುವ ಬಿಳಿ ಸ್ವಿಚ್ಚನ್ನೇ ಸ್ಟೇರಿಂಗ್ ಕೆಳಗೆ ಸ್ಕ್ರೂ ಹೊಡೆದು ಕೂರಿಸಲಾಗಿದೆ.

ದಿ. 18-09-2019ರ ಸಂಜೆ ಚಾಲಕರು ಮರುದಿನದ ಏರುದಾರಿಗೆಂದು ಸ್ವಿಚ್ ಹಾಕಿಟ್ಟು ಮನೆಗೆ ತೆರಳಿರುತ್ತಾರೆ. ಅದೇ ಸಂಜೆ 5.40ಕ್ಕೆ ಅಟೆಂಡರ್ ಅವರು ಉಲ್ಲೇಖ (1)ರಂತೆ ಕಚೇರಿಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತ ಬಂದು, ಗಾಜು ಇಳಿಸಿದ್ದ ವಾಹನದೊಳಗೆ ಕೈ ಹಾಕಿ ಇದನ್ನೂ ಆರಿಸಿರುತ್ತಾರೆ. ತಾನೇ ಹಾಕಿದ್ದೆನೆಂಬ ನಂಬಿಕೆಯಿಂದ ಚಾಲಕರು ಬೆಳಿಗ್ಗೆ ಬಗ್ಗಿ ನೋಡಿರುವುದಿಲ್ಲ. ನಿರ್ದೇಶಕರನ್ನು ಕೂರಿಸಿಕೊಂಡು ಹೊರಟ ವಾಹನವು ಏರುದಾರಿಯ ಮೂರನೇ ತಿರುವಿನ ಕೆಸರಿನಲ್ಲಿ ಸಿಕ್ಕಿಕೊಂಡಿತು. ಮುಂದಿನ ಚಕ್ರಗಳು ತಿರುಗಿದವು. ಹಿಂದಿನವು ನೋಡುತ್ತ ನಿಂತವು. ಚಾಲಕರು ಬಗ್ಗಿ ಸ್ವಿಚ್ಚಿನತ್ತ ಕೈ ಚಾಚಿದಾಗ ನಿರ್ದೇಶಕರಿಗೆ ಸದರಿ ಸ್ವಿಚ್ ಮೊದಲ ಬಾರಿಗೆ ಕಾಣಿಸಿತು. ಅದು ಅನುಮತಿಯಿಲ್ಲದ ಸ್ವಿಚ್ ಎಂದು ತಿಳಿದ ಕೂಡಲೇ ಉಲ್ಲೇಖ (2)ರ ಆದೇಶ ಹೊರಬಿದ್ದಿತು. ನಿರ್ದೇಶಕರು ಉಳಿದ 1.8 ಕಿ.ಮೀ.ಯನ್ನು ಕಚೇರಿಯ ಬೂಟಿನಲ್ಲೇ ಕ್ರಮಿಸಿದರು. ಸ್ವಿಚ್ ಈಗ ವಿಚಾರಣೆಯ ಸಾಕ್ಷ್ಯವಾಗಿದೆ. ವಾಹನ ಅಲ್ಲೇ ಇದೆ.

ಚಾಲಕರು ದಿ. 30-09-2019ರಂದು ವಯೋನಿವೃತ್ತಿ ಹೊಂದಲಿದ್ದಾರೆ. ಆ ದಿನದೊಳಗೆ ವಾಹನವನ್ನು ಅಂಗಳಕ್ಕೆ ತಂದು ಒಪ್ಪಿಸದಿದ್ದಲ್ಲಿ, “ವಾಹನವನ್ನು ದಾರಿಯಲ್ಲಿ ಬಿಟ್ಟು ಹೋದವರು” ಎಂದು ಅವರ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ನಮೂದಿಸಬೇಕಾಗುತ್ತದೆ. ಮೂವತ್ತೊಂದು ವರ್ಷಗಳ ಆ ಪುಸ್ತಕವನ್ನು ಈ ಶಾಖೆಯು ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿದ್ದು, ಅದರಲ್ಲಿ ಕೆಂಪು ಶಾಯಿಯ ಒಂದು ಚುಕ್ಕೆಯೂ ಇರುವುದಿಲ್ಲ.

ಹೇಳಿಕೆಗಳು (ಆಡಿದಂತೆಯೇ ದಾಖಲಿಸಲಾಗಿದೆ):

ಎಲೆಕ್ಟ್ರಿಷಿಯನ್: “ವೈರಿಂಗ್ ತಪ್ಪಿದ್ರೆ ನನ್ ಕಿವಿ ಹಿಂಡಿ ಸಾರ್. ಫ್ಯೂಸ್ ಹಾಕಿದೀನಿ, ಟೇಪ್ ಸುತ್ತಿದೀನಿ. ಸ್ವಿಚ್ ನೋಡೋಕೆ ಮನೇದು, ಕೆಲಸ ಮಾತ್ರ ಗಾಡೀದು.”

ಅಟೆಂಡರ್: “ಪ್ರತಿ ಸ್ವಿಚ್ಚು ಅಂತ ನೀವೇ ಬರೆದಿದ್ದು. ಬಿಟ್ಟಿದ್ರೆ ಯಾಕೆ ಬಿಟ್ಟೆ ಅಂತಿದ್ರಿ, ಆರಿಸಿದ್ದಕ್ಕೆ ಯಾಕೆ ಆರಿಸಿದೆ ಅಂತೀರಿ. ಹೋಗ್ಲಿ, ನಂಗೂ ಒಂದು ಸ್ವಿಚ್ ಹಾಕಿಸಿಬಿಡಿ, ಸಂಜೆ ಆರಿಸ್ಕೊಂಡು ಮನೆಗೆ ಹೋಗ್ತೀನಿ.”

ಚಾಲಕರು: “ಒಂದು ಬೆರಳು ಸಾಕು ಸಾರ್. ಒತ್ತಿದ್ರೆ ಎದ್ದು ಬರುತ್ತೆ. ಅದು ಕೆಟ್ಟಿಲ್ಲ, ಸುಮ್ಮನೆ ಕೂತಿದೆ. ನನ್ ಥರಾನೇ.”

ಚಾಲಕರ ಪತ್ನಿ (ದೂರವಾಣಿಯಲ್ಲಿ, ಕೇಳದೆಯೇ ನೀಡಿದ್ದು): “ಇಷ್ಟು ವರ್ಷ ಗಾಡಿ ಇವರನ್ನ ಮನೆಗೆ ಕರ್ಕೊಂಡು ಬರ್ತಿತ್ತು. ಈಗ ಇವರು ಅದನ್ನ ಕಾಯ್ಕೊಂಡು ಕೂತಿದಾರೆ. ನಿಮ್ಮಲ್ಲಿ ಯಾರಿಗೂ ಬೆರಳಿಲ್ವೇನಪ್ಪ? ನಾನೇ ಬಂದು ಒತ್ಲಾ?”

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟವರಿಗೆ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

1. ವಿಚಾರಣೆ ಮುಗಿಯುವವರೆಗೆ ಇಲಾಖೆಯ ಯಾವುದೇ ಸಿಬ್ಬಂದಿ ಸದರಿ ಸ್ವಿಚ್ಚನ್ನು ಮುಟ್ಟತಕ್ಕದ್ದಲ್ಲ.

2. ‘ಮುಟ್ಟುವುದು’ ಎಂದರೆ ಬೆರಳು, ಮೊಣಕಾಲು, ಪೆನ್ನಿನ ತುದಿ, ಕೊಡೆಯ ಹಿಡಿ ಹಾಗೂ ಊಟದ ಡಬ್ಬಿಯ ಚಮಚದಿಂದ ತಾಗಿಸುವುದೂ ಸೇರಿರುತ್ತದೆ. ಉಸಿರು ತಾಗುವುದಕ್ಕೆ ಸದ್ಯಕ್ಕೆ ವಿನಾಯಿತಿ ನೀಡಲಾಗಿದೆ.

3. ಉಲ್ಲೇಖ (1)ರ ಪ್ರಕಾರ ಆರಿಸಿದ ಸ್ವಿಚ್ಚನ್ನು ಮರಳಿ ಹಾಕುವ ಅಧಿಕಾರ ಆಯಾ ಕೊಠಡಿಯ ಅಧಿಕಾರಿಗೆ ಮಾತ್ರ ಇರುತ್ತದೆ. ಆದ್ದರಿಂದ ವಾಹನವು ಕೊಠಡಿಯೇ ಎಂಬುದನ್ನು ತೀರ್ಮಾನಿಸಲು ಮೂವರ ಸಮಿತಿಯನ್ನು ರಚಿಸಲಾಗಿದೆ. ವಾಹನಕ್ಕೆ ಬಾಗಿಲು, ಕಿಟಕಿ, ದೀಪ ಹಾಗೂ ಕೂರಲು ಸ್ಥಳ ಇರುವುದನ್ನು ಸಮಿತಿಯು ಈಗಾಗಲೇ ಒಪ್ಪಿದೆ. ಗೋಡೆ ಗಡಿಯಾರ ಇಲ್ಲದಿರುವುದು ತೊಡಕಾಗಿದೆ.

4. ವಾಹನವು ಕೊಠಡಿಯೆಂದು ತೀರ್ಮಾನವಾದಲ್ಲಿ ಅದಕ್ಕೊಂದು ಸಂಖ್ಯೆ, ಒಂದು ಬೀಗ ಮತ್ತು ಒಬ್ಬ ಕೊಠಡಿ ಅಧಿಕಾರಿಯನ್ನು ಒದಗಿಸಲಾಗುವುದು. ಸದರಿ ಅಧಿಕಾರಿಯು ಕಚೇರಿ ವೇಳೆಯಲ್ಲಿ ತಮ್ಮ ಕೊಠಡಿಯಲ್ಲೇ, ಅಂದರೆ ಕೆಸರಿನಲ್ಲಿ, ಲಭ್ಯವಿರತಕ್ಕದ್ದು.

5. ಮುಂದಿನ ದಿನಗಳಲ್ಲಿ ಕೆಸರಿನಲ್ಲಿ ಸಿಕ್ಕಿಕೊಳ್ಳಲಿಚ್ಛಿಸುವ ಚಾಲಕರು, ಸಿಕ್ಕಿಕೊಳ್ಳುವ ಮೂರು ಕೆಲಸದ ದಿನಗಳ ಮೊದಲು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ಕೆಸರಿನ ಸ್ಥಳ, ಆಳ ಮತ್ತು ಬಣ್ಣವನ್ನು ತಿಳಿಸತಕ್ಕದ್ದು. ನಮೂನೆಯನ್ನು ಇನ್ನೂ ನಿಗದಿಪಡಿಸಿರುವುದಿಲ್ಲ.

6. ಅನುಮತಿ ದೊರೆತ ಮೇಲೆ ಸ್ವಿಚ್ಚನ್ನು ಬಲಗೈಯ ತೋರುಬೆರಳಿನಿಂದ ಒಮ್ಮೆ ಮಾತ್ರ ಒತ್ತತಕ್ಕದ್ದು. ಎಡಚರು ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಒತ್ತುವವರು, ಒತ್ತಿದ್ದನ್ನು ನೋಡುವವರು ಮತ್ತು ನೋಡಿದವರನ್ನು ಗುರುತಿಸುವವರು, ಹೀಗೆ ಮೂವರು ಹಾಜರಿರತಕ್ಕದ್ದು.

7. ಪಕ್ಕದ ಹೊಲದವರು ತಮ್ಮ ಟ್ರ್ಯಾಕ್ಟರಿನಿಂದ ವಾಹನವನ್ನು ಎಳೆದುಕೊಡುವುದಾಗಿ ಎರಡು ಬಾರಿ ತಿಳಿಸಿರುತ್ತಾರೆ. ಸದರಿ ಟ್ರ್ಯಾಕ್ಟರಿನಲ್ಲಿ ಎಷ್ಟು ಸ್ವಿಚ್ಚುಗಳಿವೆ, ಅವುಗಳಿಗೆ ಯಾರ ಅನುಮತಿ ಇದೆ ಎಂಬ ವಿವರ ಕೋರಿ ಅವರಿಗೆ ಪತ್ರ ಬರೆಯಲಾಗಿದೆ. ಆನಂತರ ಅವರು ಆ ಕಡೆ ಸುಳಿದಿರುವುದಿಲ್ಲ.

8. ಚಾಲಕರ ಪತ್ನಿಯವರ ಪ್ರಸ್ತಾಪವನ್ನು ಪರಿಶೀಲಿಸಲಾಯಿತು. ಅವರು ಇಲಾಖೆಯ ಸಿಬ್ಬಂದಿಯಲ್ಲದ ಕಾರಣ ಅವರನ್ನು ತಡೆಯುವ ಅಧಿಕಾರ ಈ ಸುತ್ತೋಲೆಗೆ ಇರುವುದಿಲ್ಲ. ಆದರೆ ಅವರ ಮೊಣಕಾಲು ನೋವಿನ ಕಾರಣ ಏರುದಾರಿಗೆ ವಾಹನದಲ್ಲೇ ಕರೆದೊಯ್ಯಬೇಕಾಗಿದ್ದು, ಏರುದಾರಿ ಹತ್ತಬಲ್ಲ ಏಕೈಕ ವಾಹನ ಕೆಸರಿನಲ್ಲಿದೆ.

9. ಇಲಾಖೆಯ ಆಸ್ತಿಯನ್ನು ಒಂಟಿಯಾಗಿ ಬಿಡುವಂತಿಲ್ಲ. ಆದ್ದರಿಂದ ಚಾಲಕರು ಪ್ರತಿದಿನ ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ವಾಹನದಲ್ಲಿ ಕೂತಿರತಕ್ಕದ್ದು. ವಾಹನ ಚಲಿಸದ ಕಾರಣ ಅವರನ್ನು ಈ ಅವಧಿಗೆ ‘ಕಾವಲುಗಾರ (ಆಸೀನ)’ ಎಂದು ಪರಿಗಣಿಸಲಾಗಿದೆ. ಲಾಗ್ ಪುಸ್ತಕವನ್ನು ತಪ್ಪದೆ ಬರೆಯತಕ್ಕದ್ದು. ಹೊರಟ ಸ್ಥಳ: ಮೂರನೇ ತಿರುವು. ತಲುಪಿದ ಸ್ಥಳ: ಮೂರನೇ ತಿರುವು.

10. ಚಾಲಕರು ಕಾಯುವ ಹೊತ್ತಿನಲ್ಲಿ ಅಡ್ಡಿಯಿಲ್ಲದೆ ಮಾಡಬಹುದಾದ ಕೆಲಸವೆಂದು, ನಾಲ್ಕೂ ಚಕ್ರಗಳು ಹೂತ ಆಳವನ್ನು ದಿನಕ್ಕೊಮ್ಮೆ ಅಳೆದು ಕಳುಹಿಸಲು ಈ ಶಾಖೆ ಕೋರಿತ್ತು. ನಿನ್ನೆಯ ಅಳತೆ: ಮುಂದಿನ ಎಡ 24 ಸೆಂ.ಮೀ., ಮುಂದಿನ ಬಲ 22.5 ಸೆಂ.ಮೀ., ಹಿಂದಿನವು ಎರಡೂ 3 ಸೆಂ.ಮೀ. ಹಿಂದಿನ ಚಕ್ರಗಳು ತಿರುಗಿಯೇ ಇಲ್ಲವೆಂಬ ಚಾಲಕರ ಹೇಳಿಕೆಯನ್ನು ಈ ಅಂಕಿಗಳು ಪೂರ್ತಿಯಾಗಿ ಬೆಂಬಲಿಸುತ್ತವೆ. ಈ ಟಿಪ್ಪಣಿಯನ್ನು ಸಮಿತಿಯ ಮುಂದಿಡಲಾಯಿತು. ಅಂಕಿಗಳನ್ನು ನೀಲಿ ಶಾಯಿಯಲ್ಲಿ ಬರೆದಿರುವುದಕ್ಕೆ ಸಮಿತಿ ಆಕ್ಷೇಪಿಸಿದೆ.

11. ಉಲ್ಲೇಖ (1)ರಲ್ಲಿ “ಪ್ರತಿಯೊಂದು ಸ್ವಿಚ್ಚನ್ನೂ” ಎಂದಿರುವಲ್ಲಿ “ಗಾಲಿಗಳ ಮೇಲೆ ಇಲ್ಲದ ಪ್ರತಿಯೊಂದು ಸ್ವಿಚ್ಚನ್ನೂ” ಎಂದು ಓದಿಕೊಳ್ಳತಕ್ಕದ್ದು. ಲೆಕ್ಕಶಾಖೆಯ ಫ್ಯಾನು ಗಾಲಿಗಳ ಸ್ಟ್ಯಾಂಡಿನ ಮೇಲಿರುವುದರಿಂದ ಅದನ್ನು ಇನ್ನು ಮುಂದೆ ಆರಿಸುವಂತಿಲ್ಲ.

12. ಅಟೆಂಡರ್ ಅವರ ಮೇಲೆ ತಪ್ಪು ಹೊರಿಸಲಾಗುವುದಿಲ್ಲ. ಅವರು ಸುತ್ತೋಲೆಯನ್ನು ಅಕ್ಷರಶಃ ಓದಿದ ಇಲಾಖೆಯ ಮೊದಲ ವ್ಯಕ್ತಿಯಾಗಿದ್ದಾರೆ. ತಮಗೂ ಸ್ವಿಚ್ ಬೇಕೆಂಬ ಅವರ ಮನವಿಯನ್ನು ಎಲೆಕ್ಟ್ರಿಷಿಯನ್ ಅವರ ಅಭಿಪ್ರಾಯಕ್ಕೆ ಕಳುಹಿಸಲಾಗಿದೆ.

13. ಸಮಿತಿಯ ಮುಂದಿನ ಸಭೆ ದಿ. 14-10-2019ರಂದು ನಡೆಯಲಿದೆ. ಅದಕ್ಕೂ ಮೊದಲು ಸಭೆ ಸೇರಲು ಸಾಧ್ಯವೇ ಎಂದು ಈ ಶಾಖೆ ಬರಹದಲ್ಲಿ ಎರಡು ಸಲ, ಮೆಟ್ಟಿಲ ಮೇಲೆ ಒಂದು ಸಲ ಕೇಳಿತ್ತು. ಸಾಧ್ಯವಿಲ್ಲವೆಂದು ತಿಳಿಸಲಾಗಿದೆ.

14. ಚಾಲಕರು ವಾಹನವನ್ನು ಒಪ್ಪಿಸಲು ನೀಡಿರುವ ಗಡುವನ್ನು ವಿಸ್ತರಿಸುವ ಅಧಿಕಾರ ಈ ಶಾಖೆಗೆ ಇರುವುದಿಲ್ಲ. ಪದಗಳನ್ನು ಸ್ಪಷ್ಟಪಡಿಸುವ ಅಧಿಕಾರ ಮಾತ್ರ ಇದೆ. ಅದರಂತೆ ಸ್ಪಷ್ಟಪಡಿಸುವುದೇನೆಂದರೆ: ನಿವೃತ್ತರಾಗುವ ನೌಕರರ ಸೇವೆಯು ಕೊನೆಯ ದಿನದ ಕಚೇರಿ ವೇಳೆಯೊಂದಿಗೆ, ಅಂದರೆ ಸಂಜೆ 5.30ಕ್ಕೆ, ಮುಗಿಯುತ್ತದೆ. ದಿನವು ಮಾತ್ರ ಮಧ್ಯರಾತ್ರಿ 12ಕ್ಕೆ ಮುಗಿಯುತ್ತದೆ. ಗಡುವನ್ನು ದಿನದಲ್ಲಿ ಹೇಳಲಾಗಿದೆ, ಗಂಟೆಯಲ್ಲಿ ಅಲ್ಲ.

15. ಈ ಸುತ್ತೋಲೆಯು ಇಲಾಖೆಯ ಸೇವೆಯಲ್ಲಿರುವ ಸಿಬ್ಬಂದಿಗೆ ಮಾತ್ರ ಅನ್ವಯಿಸುತ್ತದೆ. ಖಂಡಿಕೆ 14ರಲ್ಲಿ ಹೇಳಿದ ಎರಡು ಮುಕ್ತಾಯಗಳ ನಡುವಿನ ಆರೂವರೆ ಗಂಟೆಗೆ ಯಾವುದೇ ನಿಯಮವನ್ನು ರೂಪಿಸಲಾಗಿಲ್ಲ. ಸಮಯಾಭಾವವೇ ಇದಕ್ಕೆ ಕಾರಣವೆಂದು ದಾಖಲಿಸಲಾಗಿದೆ.

(ಸಹಿ)
ಉಪನಿರ್ದೇಶಕರು
ವಾಹನ ಹಾಗೂ ಅಳತೆ ಉಪಕರಣಗಳ ಶಾಖೆ

ಪ್ರತಿಗಳು:
1. ನಿರ್ದೇಶಕರ ಆಪ್ತ ಸಹಾಯಕರಿಗೆ. ನಿರ್ದೇಶಕರ ಕಾಲಿನ ಗುಳ್ಳೆ ವಾಸಿಯಾದ ಮೇಲೆ ಮಂಡಿಸಲು.
2. ‘ವಾಹನವು ಕೊಠಡಿಯೇ’ ಸಮಿತಿಯ ಮೂವರಿಗೂ. ಗೋಡೆ ಗಡಿಯಾರವೊಂದನ್ನು ಲಗತ್ತಿಸಿದೆ.
3. ಎಲೆಕ್ಟ್ರಿಷಿಯನ್ ಅವರಿಗೆ. ವೈರಿಂಗ್ ಪರಿಶೀಲಿಸಲಾಗಿದ್ದು ಟೇಪು ಸರಿಯಾಗಿದೆ.
4. ಅಟೆಂಡರ್ ಅವರಿಗೆ. ಅಕ್ಷರಶಃ ಓದತಕ್ಕದ್ದಲ್ಲ.
5. ಪಕ್ಕದ ಹೊಲದವರಿಗೆ. ಕ್ಷಮೆಯೊಂದಿಗೆ.
6. ಕಡತಕ್ಕೆ.
7. ಚಾಲಕರಿಗೆ, ಮೂರನೇ ತಿರುವು. ದಿ. 30-09-2019ರ ಸಂಜೆ 4.45ರೊಳಗೆ ಖುದ್ದಾಗಿ ತಲುಪಿಸಿ ಷರಾ ಬರೆಯತಕ್ಕದ್ದು.

ಟಪಾಲು ಗುಮಾಸ್ತರ ಷರಾ: ಪ್ರತಿಯನ್ನು ಸೋಮವಾರ ಸಂಜೆ 4.41ಕ್ಕೆ ಚಾಲಕರ ಕೈಗೆ ಕೊಡಲಾಗಿದೆ. ಅವರು ಪೂರ್ತಿ ಓದಿ, ಕೊನೆಯ ಎರಡು ಖಂಡಿಕೆಗಳನ್ನು ಮತ್ತೊಮ್ಮೆ ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡರು. “ನಿನ್ ವಾಚು ಸರಿಯಾಗಿದೆಯೇನಪ್ಪ?” ಎಂದು ಕೇಳಿದರು. ಸರಿಯಾಗಿದೆ ಎಂದೆ. “ಹಾಗಿದ್ರೆ ಕೂತ್ಕೋ, ಇಳಿಯುವಾಗ ಜೊತೆಗೇ ಹೋಗೋಣ” ಎಂದರು. ಕೂತೆ.

ಗೇಟಿನ ಕಾವಲುಗಾರರ ಷರಾ: ಅದೇ ಸಂಜೆ 6.12ಕ್ಕೆ ದೊಡ್ಡ ಗಾಡಿ ಒಳಗೆ ಬಂದಿದೆ. ಓಡಿಸಿದವರು: ಸಾರ್ವಜನಿಕರು. ಅಂಗಳದಲ್ಲಿ ತಿರುಗಿಸುವ ಮುನ್ನ ಅವರು ಬಗ್ಗಿ ಏನನ್ನೋ ಒತ್ತಿದರು. ಗಾಡಿ ಸದ್ದಿಲ್ಲದೆ ತಿರುಗಿತು.

ಶಾಖೆಯ ಅಂತಿಮ ಷರಾ, ದಿ. 01-10-2019: ವಾಹನವನ್ನು ಗಡುವಿನೊಳಗೆ ಒಪ್ಪಿಸಿರುವುದರಿಂದ ಬಿಡುಗಡೆ ಪತ್ರ ನೀಡಲಾಗಿದೆ. ಸೇವಾ ಪುಸ್ತಕವನ್ನು ನೀಲಿ ಶಾಯಿಯಲ್ಲಿ ಮುಕ್ತಾಯಗೊಳಿಸಲಾಗಿದೆ. ಸ್ವಿಚ್ ಆರಿದ ಸ್ಥಿತಿಯಲ್ಲೇ, ಅಂದರೆ ಸಾಕ್ಷ್ಯವು ಮೊದಲಿದ್ದಂತೆಯೇ, ಕಂಡುಬಂದಿದೆ. ಸಿಬ್ಬಂದಿಯಲ್ಲಿ ಯಾರೂ ಅದನ್ನು ಮುಟ್ಟಿರುವುದಿಲ್ಲ. ಮೂರನೇ ತಿರುವಿಗೆ ನಡೆದುಹೋಗಿ ಗುಂಡಿಗಳನ್ನು ಅಳೆಯಲಾಯಿತು. ಹಿಂದಿನ ಎಡ ಚಕ್ರದ ಗುಂಡಿಯ ಆಳ: 11.5 ಸೆಂ.ಮೀ.