ಜಾಲರಿ ಕೋಳಿಗೆ, ಬೆರಳು ಮಷೀನಿಗೆ

ನಟ್ಟು ಹೊಡೆಯುವ ಮಷೀನಿನ ಬಾಯಿಗೆ ಕಟ್ಟಿದ್ದ ಜಾಲರಿಯನ್ನು ಬಿಚ್ಚಿಸಿದವನು ನಮ್ಮ ಯಜಮಾನ. ಅದು ತಾನಾಗಿ ಕಳಚಿ ಬೀಳಲಿಲ್ಲ, ನಾವು ಸೆಕೆ ಅಂತ ತೆಗೆದಿಡಲಿಲ್ಲ. ಅವನು ಎದುರಿಗೆ ನಿಂತು ಬಿಚ್ಚಿಸಿದ. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಮುಂದೆ ಓದುವಾಗ ನಿಮಗೆ ನಗು ಬರುತ್ತದೆ, ನಗುವ ಗದ್ದಲದಲ್ಲಿ ತಪ್ಪು ಯಾರದು ಅನ್ನುವುದು ಮರೆತುಹೋಗುತ್ತದೆ. ಸಣ್ಣ ಕಾರ್ಖಾನೆಗಳಲ್ಲಿ ಇಂಥವು ವಾರಕ್ಕೊಂದು ನಡೆಯುತ್ತಲೇ ಇರುತ್ತವೆ. ತೊಂಬತ್ತರ ದಶಕದ ಕೊನೆಯಲ್ಲಿ ಅಂತರಸನಹಳ್ಳಿಯ ಒಂದು ಶೆಡ್ಡಿನಲ್ಲಿ ನಾನು ಕುಲುಮೆ ಕಾಯುತ್ತಿದ್ದಾಗ ಕಣ್ಣಾರೆ ಕಂಡವನ್ನಷ್ಟೇ ಹೇಳುತ್ತೇನೆ.

ಒಂದು ಗೇಣು ರಾಡು

ಕೆಲಸ ಹೀಗಿತ್ತು. ಆಳುದ್ದದ ಕಬ್ಬಿಣದ ರಾಡಿನ ತುದಿಯನ್ನು ನಾನು ಎಣ್ಣೆ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಕೊಡಬೇಕು. ಚಾಚಾ ಅದನ್ನು ಮಷೀನಿನ ಬಾಯಿಗೆ ತಳ್ಳಿ ಕಾಲಿನಿಂದ ಪೆಡಲ್ ಒತ್ತಬೇಕು. ಧಡ್ ಅಂತ ಏಟು ಬಿದ್ದು, ಕಬ್ಬಿಣ ತುಂಡಾಗಿ, ಆರು ಮೂಲೆ ಬಂದು, ನಡುವೆ ತೂತಾಗಿ, ಕೆಂಪು ನಟ್ಟು ಕೆಳಗಿನ ತಟ್ಟೆಗೆ ಉದುರುತ್ತಿತ್ತು.

ಚಾಚಾ ಅಂದರೆ ನಮ್ಮ ಮಷೀನ್ ಆಪರೇಟರ್. ಗುಬ್ಬಿಯವರು, ದಿನಾ ಬಸ್ಸಲ್ಲಿ ಬರುವವರು. ಅವರ ಅಪ್ಪ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರಂತೆ. ಸಂಜೆ ನಮಾಜಿಗೆ ಮುಂಚೆ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಬೆರಳು ಎಣಿಸಿಕೊಳ್ಳುವುದು ಅವರ ಪದ್ಧತಿ. ಎಣಿಸಿ, ನನ್ನ ಕಡೆ ತಿರುಗಿ, "ಹತ್ತೂ ಅವೆ ಭಾಯ್," ಅಂತ ಕೂಗಿ ಹೋಗುತ್ತಿದ್ದರು.

ಹತ್ತೂ ಉಳಿಯುವುದಕ್ಕೆ ಕಾರಣ ಆ ಜಾಲರಿ. ಬುಟ್ಟಿ ಬೋರಲು ಹಾಕಿದ ಹಾಗೆ ಮಷೀನಿನ ಬಾಯಿಗೆ ನಾಲ್ಕು ಬೋಲ್ಟಲ್ಲಿ ಕೂತಿತ್ತು. ಮಧ್ಯದ ತೂತಿನಲ್ಲಿ ರಾಡು ಒಳಗೆ ಹೋಗುತ್ತಿತ್ತು, ಕೈ ಹೋಗುತ್ತಿರಲಿಲ್ಲ. ಆದರೆ ಕೊನೆಗೆ ಒಂದು ಗೇಣು ರಾಡು ಜಾಲರಿಯ ಆಚೆಯೇ ಉಳಿದು ಗುಜರಿಗೆ ಹೋಗುತ್ತಿತ್ತು.

ಯಜಮಾನ ಒಂದು ದಿನ ಆ ಗುಜರಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ತೆಂಗಿನಕಾಯಿ ತುರಿದಾದ ಮೇಲೂ ಚಿಪ್ಪನ್ನು ಬೆಳಕಿಗೆ ಹಿಡಿದು ನೋಡುವ ಜಾತಿಯವನು. ಒಂದು ತುಂಡು ಎತ್ತಿಕೊಂಡು ಅಳೆದ.

"ಇದ್ರಲ್ಲಿ ಇನ್ನೂ ಎರಡು ನಟ್ಟು ಅವೆ ಕಣಯ್ಯಾ. ಜಾಲರಿ ಬಿಚ್ಚಾಕಿ. ಇಕ್ಕಳದಲ್ಲಿ ಹಿಡ್ಕಂಡು ಕೊನೇ ತನಕ ಹೊಡೀರಿ."

"ಇಕ್ಕಳ ಜಾರಿದ್ರೆ ಕೈ ಒಳಗೋಗ್ತದೆ ಯಜಮಾನ್ರೇ," ಅಂದೆ.

"ಏನೂ ಆಗಲ್ಲ, ಹುಷಾರಾಗಿ ಹಿಡೀಬೇಕಪ್ಪ."

"ಹಂಗಾದ್ರೆ ಒಂದು ನಟ್ಟು ನೀವೇ ಹೊಡೆದು ತೋರ್ಸಿ."

ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. "ನಂಗೆ ಕೈ ಬೇಕಲ್ಲಯ್ಯಾ! ಚೆಕ್ಕಿಗೆ ಸೈನ್ ಯಾರು ನಿಮ್ಮಪ್ಪ ಹಾಕ್ತಾನಾ?"

ನಿಂಬೆಹಣ್ಣಿನ ಕಾವಲು

ಜಾಲರಿ ಹೋದ ಮೇಲೆ ಮೊದಲ ಆಯುಧಪೂಜೆ ಬಂತು. ಮಷೀನಿಗೆ ವಿಭೂತಿ, ಚೆಂಡುಹೂವಿನ ಹಾರ, ಮುಂದೆ ಬೂದುಗುಂಬಳ. ಎಲ್ಲ ಮುಗಿದ ಮೇಲೆ ಯಜಮಾನ ಜೇಬಿನಿಂದ ಒಂದು ದಾರ ತೆಗೆದ. ಅದರಲ್ಲಿ ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ. ಜಾಲರಿ ಇದ್ದ ಜಾಗದಲ್ಲೇ, ಅದೇ ಬೋಲ್ಟಿನ ತೂತಿಗೆ ತಾನೇ ಕಟ್ಟಿದ.

"ನೋಡು ಲೀಡ್ರೂ," ಅಂದ. ನಾನು ಎದುರು ಮಾತಾಡಲು ಶುರುಮಾಡಿದ ದಿನದಿಂದ ನನ್ನ ಹೆಸರು ಹೋಗಿ ಲೀಡ್ರು ಆಗಿತ್ತು. "ಕಾವಲು ಇಲ್ಲ ಕಾವಲು ಇಲ್ಲ ಅಂತ ಬಡ್ಕತಿದ್ದಲ್ಲ. ಇಕೋ, ಕಾವಲು."

ಪೂಜೆಯ ಲೆಕ್ಕಕ್ಕೆ ಒಂದು ರಾಡು ಓಡಿಸಿ ಅಂದ. ನಾನು ಕೆಂಪಗೆ ಕಾದ ರಾಡು ಕೊಟ್ಟೆ, ಚಾಚಾ ತಳ್ಳಿದರು. ರಾಡು ಹೋಗುವ ದಾರಿಯಲ್ಲೇ ಮೆಣಸಿನಕಾಯಿ ನೇತಾಡುತ್ತಿತ್ತು. ಏಳೂ ಒಟ್ಟಿಗೆ ಸುಟ್ಟವು. ಆಮೇಲೆ ಶೆಡ್ಡಿನಲ್ಲಿ ಯಾರೂ ಯಾರಿಗೂ ಕಾಣಲಿಲ್ಲ. ಪೂಜಾರಿ ಮಂಗಳಾರತಿ ತಟ್ಟೆ ಬಿಟ್ಟು ಓಡಿದರು. ನಾವೆಲ್ಲ ರಸ್ತೆಯಲ್ಲಿ ನಿಂತು ಕಣ್ಣೀರು, ಮೂಗು ಒರೆಸಿಕೊಂಡು ಕೆಮ್ಮಿದೆವು. ಎಲ್ಲರಿಗಿಂತ ಜೋರಾಗಿ ಕೆಮ್ಮಿದವನು ಯಜಮಾನ. ಆದರೂ ಉಸಿರು ಸಿಕ್ಕ ಕೂಡಲೇ ಬೆರಳೆತ್ತಿ ಹೇಳಿದ:

"ಘಾಟು ಬಂತಲ್ಲ? ಹಂಗಂದ್ರೆ ನಮ್ಮ ಮಷೀನಿಗೆ ದೃಷ್ಟಿ ಇಲ್ಲ ಅಂತ ಅರ್ಥ!"

ಐದು ಟಿಕೆಟ್ಟು

ಒಂದು ದಿನ ಕುಣಿಗಲ್ ಕಡೆಯವನೊಬ್ಬ ವಾಚ್‌ಮನ್ ಕೆಲಸ ಕೇಳಿಕೊಂಡು ಬಂದ. ಮುಂಚೆ ಸತ್ಯಮಂಗಲದ ಯಾವುದೋ ಶೆಡ್ಡಿನಲ್ಲಿ ಇಂಥದೇ ಮಷೀನ್ ಓಡಿಸುತ್ತಿದ್ದನಂತೆ. ಬಲಗೈಯಲ್ಲಿ ಹೆಬ್ಬೆರಳು ಸೇರಿ ಮೂರೇ ಬೆರಳು. ಯಜಮಾನ ಊಟಕ್ಕೆ ಹೋಗಿದ್ದರಿಂದ ನಮ್ಮ ಜೊತೆ ಟೀ ಕುಡಿಯುತ್ತಾ ಕೂತ. ಕೇಳದೇ ಇದ್ದರೂ ಅವನೇ ಶುರುಮಾಡಿದ.

"ಮನೆಯವ್ರನ್ನೆಲ್ಲ ಕರ್ಕಂಡು ಕುಣಿಗಲ್ ಬಸ್ ಹತ್ತಿದ್ದೆ ಕಣಣ್ಣ. ಕಾಲಿಡೋಕೆ ಜಾಗ ಇಲ್ಲ. ಕಂಡಕ್ಟ್ರು ಆ ತುದೀಲಿ, ನಾನು ಈ ತುದೀಲಿ. ಐದು ಟಿಕೆಟ್ ಅಂತ ಕೈ ಎತ್ತಿ ಪೂರಾ ಬಿಡಿಸಿ ತೋರ್ಸಿದೆ. ಆವಯ್ಯ ಮೂರು ಹರಿದು ಕಳಿಸ್ದ. ಐದು ಕಣಯ್ಯಾ ಅಂತ ಮತ್ತೆ ತೋರ್ಸಿದೆ. 'ಮೂರು ಕೊಟ್ಟಿದೀನಲ್ರೀ, ಕಣ್ ಕಾಣಲ್ವಾ' ಅಂತ ನನಗೇ ರೇಗ್ದ. ಆಮೇಲೆ ನಾನು ಕೂಗ್ದೆ, 'ಲೇಯ್, ಐದು ಕಣ್ಲಾ! ಇನ್ನೆರಡು ಸತ್ಯಮಂಗಲದಲ್ಲಿ ಇಳ್ಕಂಡವೆ!'"

ಬಸ್ಸೆಲ್ಲ ನಕ್ಕಿತಂತೆ. ನಾವೂ ನಕ್ಕೆವು. ಚಾಚಾ ನಗಲಿಲ್ಲ. ತಮ್ಮ ಕೈಯನ್ನು ತೊಡೆಯ ಮೇಲಿಟ್ಟು ನೋಡುತ್ತಾ ಕೂತರು.

ಅದೇ ವಾರ ಅವರ ಇಕ್ಕಳ ಜಾರಿತು. ಪುಣ್ಯಕ್ಕೆ ಕೈ ಹಿಂದಕ್ಕೆ ಎಳೆದುಕೊಂಡರು, ತೋರುಬೆರಳಿನ ಉಗುರಷ್ಟೇ ಹೋಯಿತು. ನಾನು ಬಾಯಿಗೆ ಬಂದ ಹಾಗೆ ಯಜಮಾನನಿಗೆ ಬೈದೆ. ಸಂಜೆ ಚಾಚಾ ನಲ್ಲಿಯ ಹತ್ತಿರ ಬಟ್ಟೆ ಸುತ್ತಿದ ಬೆರಳನ್ನು ನೀರಿಗೆ ತಾಗದಂತೆ ಮೇಲೆತ್ತಿ ಹಿಡಿದು ಎಣಿಸಿದರು. ನಿಧಾನಕ್ಕೆ ಎಣಿಸಿದರು.

"ಒಂಬತ್ತೂ ಮುಕ್ಕಾಲು ಅವೆ ಭಾಯ್."

ಸುರಕ್ಷತೆಯ ಬೋರ್ಡು

ಆ ಉಗುರು ಹೋದ ಮೇಲೆ ನಾನು ಅರ್ಜಿ ಬರೆದೆ. ನಾನು ಹತ್ತನೇ ಕ್ಲಾಸು ಫೇಲು. ಕಾರ್ಖಾನೆ ಕಾನೂನಿನ ಹಳೇ ಪುಸ್ತಕವೊಂದನ್ನು ಫುಟ್‌ಪಾತಿನಲ್ಲಿ ಕೊಂಡು, ಅರ್ಥವಾಗದ ಸಾಲನ್ನು ಹತ್ತು ಸಲ ಓದಿ ಓದಿ ಕಲಿತವನು. ಓಡುವ ಮಷೀನಿಗೆ ತಡೆ ಕಟ್ಟಲೇಬೇಕು ಅಂತ ಅದರಲ್ಲಿತ್ತು. ಅದನ್ನೇ ಬರೆದು ಎಲ್ಲರ ಸೈನ್ ಹಾಕಿಸಿದೆ. ಚಾಚಾ ಎಡಗೈಯಲ್ಲಿ ಹಾಕಿದರು. ಒಂದು ಪ್ರತಿ ಇಲಾಖೆಗೆ, ಒಂದು ಪ್ರತಿ ಯಜಮಾನನಿಗೆ.

ಮೂರನೇ ದಿನಕ್ಕೆ ಯಜಮಾನನ ಉತ್ತರ ಬಂತು. ಆಟೋದಲ್ಲಿ ಬಂತು. ತಗಡಿನ ದೊಡ್ಡ ಬೋರ್ಡು, ಹಸಿರು ಬಣ್ಣ, ಬಿಳಿ ಅಕ್ಷರ: "ಸುರಕ್ಷತೆಯೇ ಮೊದಲು". ಅದನ್ನು ಮಷೀನಿನ ಮೇಲಿನ ತೊಲೆಗೆ ಎರಡು ತಂತಿಯಲ್ಲಿ ನೇತುಹಾಕಿಸಿದ.

"ಜಾಲರಿ ಎಲ್ಲಿ?" ಅಂದೆ.

"ಮೊದ್ಲು ಬೋರ್ಡ್ ಓದಯ್ಯಾ. ಓದಿದ್ರೆ ಜಾಲರಿ ಯಾಕೆ ಬೇಕು?"

ನಮ್ಮ ಮಷೀನ್ ಒಂದು ಏಟು ಹೊಡೆದರೆ ಪಕ್ಕದ ಶೆಡ್ಡಿನ ಟೀ ಲೋಟ ಕುಣಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಂದು ತಂತಿ ಸವೆದು ತುಂಡಾಯಿತು. ಯಜಮಾನ ಗುಜರಿ ತುಂಡುಗಳನ್ನು ನೋಡಲು ಸರಿಯಾಗಿ ಅದರ ಕೆಳಗೇ ಬಂದು ನಿಂತಿದ್ದ. ಬೋರ್ಡು ತೂಗಿಕೊಂಡು ಬಂದು ಅವನ ಭುಜಕ್ಕೆ ಬಡಿಯಿತು. ಗಾಯವೇನೂ ಆಗಲಿಲ್ಲ, ಅಂಗಿ ಹರಿಯಿತು ಅಷ್ಟೆ. ಆದರೆ ಅವನು ಕೂಗಿದ ಕೂಗಿಗೆ ಮಷೀನಿನ ಸದ್ದೇ ಕೇಳಲಿಲ್ಲ.

"ಯಾವನ್ಲಾ ಇದನ್ನ ಇಲ್ಲಿ ನೇತಾಕ್ದೋನು? ಯಾರ್ದಾದ್ರೂ ಕೈಕಾಲು ಹೋಗಿದ್ರೆ ಏನ್ಲಾ ಗತಿ?"

ಅವತ್ತೇ ಬೋರ್ಡು ತೆಗೆಸಿದ. ಅಪಾಯ ಅಂತ.

ಸಿ.ಎಸ್. ಪುರದ ಕೋಳಿ

ಅರ್ಜಿ ಹೋದ ದಾರಿಯಲ್ಲಿ ಎಲ್ಲೋ ಯಾರೋ ಓದಿರಬೇಕು. ನಾಳೆ ಇನ್ಸ್‌ಪೆಕ್ಟರ್ ಬರುತ್ತಾರೆ ಅಂತ ಸುದ್ದಿ ಬಂತು. ಸುದ್ದಿ ನಮಗಿಂತ ಮೊದಲು ಯಜಮಾನನಿಗೆ ಹೇಗೆ ಬಂತು ಅಂತ ನನ್ನನ್ನು ಕೇಳಬೇಡಿ. ಅವತ್ತೇ ಬೆಳಿಗ್ಗೆ ಓಡೋಡಿ ಬಂದವನು, "ಲೀಡ್ರೂ, ನನ್ನ ಮೊಪೆಡ್ ತಗೊಂಡು ಸಿ.ಎಸ್. ಪುರದ ನಮ್ಮ ತೋಟಕ್ಕೋಗಿ ಜಾಲರಿ ತಗೊಂಬಾ," ಅಂದ.

"ಅದು ತೋಟಕ್ಕೆ ಯಾಕೋಯ್ತು?"

"ಸುಮ್ನೆ ಇಲ್ಲಿ ತುಕ್ಕು ಹಿಡೀತಿತ್ತಲ್ಲ," ಅಂದ.

ತೋಟದ ಮನೆಯ ಅಂಗಳದಲ್ಲಿ ಅವನ ತಾಯಿ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದರು. ಪಕ್ಕದಲ್ಲೇ ನಮ್ಮ ಜಾಲರಿ. ಅದರೊಳಗೆ ಒಂದು ಹೇಟೆ ಕೋಳಿ, ಹನ್ನೊಂದು ಮರಿ. ರಾಡು ಹೋಗುವ ತೂತಿಗೆ ಅಜ್ಜಿ ಒಂದು ಕಲ್ಲು ಅಡ್ಡ ಇಟ್ಟಿದ್ದರು.

"ಅಜ್ಜೀ, ಯಜಮಾನ್ರು ಇದನ್ನ ತಗೊಂಬಾ ಅಂದವ್ರೆ."

"ತಗಂಡೋದ್ರೆ ಮರಿ ಗತಿ ಏನ್ಲಾ ಮಗಾ? ಮೇಲೆ ಹದ್ದು ಸುತ್ತಾ ಅದೆ, ಕಾಣಲ್ವಾ? ಕಾವಲಿಲ್ದೆ ಮರಿ ಬಿಡಕ್ಕಾಯ್ತದಾ?"

ಈ ಮನೆಯಲ್ಲಿ ಒಬ್ಬರಿಗಾದರೂ ಕಾವಲು ಅಂದರೇನು ಅಂತ ಗೊತ್ತಿತ್ತಲ್ಲ ಅನ್ನಿಸಿತು. ಇದು ಮಷೀನಿನ ಬಾಯಿಗೆ ಹಾಕುವುದು, ಆಳುಗಳ ಕೈ ಒಳಗೆ ಹೋಗದಿರಲಿ ಅಂತ, ಅಂದೆ. ಅಜ್ಜಿ ಕುಟ್ಟುವುದು ನಿಲ್ಲಿಸಿದರು.

"ಇದು ಇಲ್ಲಿಗೆ ಬಂದು ವರ್ಸ ಆಯ್ತು. ಇಲ್ಲೀಗಂಟ ಅಲ್ಲಿರೋರಿಗೆ ಕೈ ಇರ್ನಿಲ್ವೇನ್ಲಾ?"

ಅಟ್ಟದ ಮೇಲಿದ್ದ ಬಿದಿರಿನ ಮಂಕರಿಯನ್ನು ನನ್ನಿಂದಲೇ ಇಳಿಸಿಕೊಂಡು, ಮರಿಗಳನ್ನು ಅದರಡಿ ತಳ್ಳಿ, ಜಾಲರಿ ಕೊಟ್ಟರು. ಹೊರಡುವಾಗ, "ನನ್ನ ಮಗಂಗೆ ಹೇಳು, ಇದು ಮತ್ತೆ ಈ ಅಂಗಳಕ್ಕೆ ಬಂದ್ರೆ ಇದರಡಿ ಅವನ್ನೇ ಮುಚ್ಚಾಕ್ತೀನಿ," ಅಂದರು.

ಸಂಜೆ ಯಜಮಾನ ಚಾಚಾಗೆ ಹೇಳಿದ: "ಗಟ್ಟಿಯಾಗಿ ಕಟ್ಟಿ. ಅಲ್ಲಾಡಬಾರ್ದು. ಇವತ್ತು ಹಾಕಿದ್ದು ಅಂತ ಗೊತ್ತಾಗಬಾರ್ದು, ಹುಟ್ಟಿದಾಗಿಂದ ಅಲ್ಲೇ ಇದ್ದಂಗೆ ಕಾಣಬೇಕು." ಹೇಳಿ ಮನೆಗೆ ಹೋದ. ಚಾಚಾ ನಟ್ಟು ಬಿಗಿಯುವ ಪಾನಾ ಹಿಡಿದು ಹೂಂ ಅಂದರು.

ಮಾರನೇ ದಿನ ಇನ್ಸ್‌ಪೆಕ್ಟರ್ ಬಂದು ನಿಂತರು. ಜಾಲರಿ ಗಟ್ಟಿಯಾಗಿತ್ತು. ಆದರೆ ಅದರ ಸಂದುಗಳಲ್ಲಿ ಸಿಕ್ಕಿಕೊಂಡಿದ್ದ ಪುಕ್ಕವನ್ನು ಯಾರೂ ತೆಗೆದಿರಲಿಲ್ಲ. ಕೆಂಪು ರಾಡು ಒಳಗೆ ಹೋಯಿತು, ಚರ್ ಅಂತು, ಶೆಡ್ಡೆಲ್ಲ ವಾಸನೆ.

"ಏನ್ರೀ ಇದು, ಕೋಳಿ ಸುಟ್ಟಂಗೆ?" ಅಂದರು ಇನ್ಸ್‌ಪೆಕ್ಟರ್.

ಯಜಮಾನ ಬೆವರುತ್ತಾ ಕೈ ಜೋಡಿಸಿದ. "ತಮಗೇ ಸಾರ್, ಮಧ್ಯಾಹ್ನದ ಊಟಕ್ಕೆ."

ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇವತ್ತು ಶನಿವಾರ. ನಾನು ತಿನ್ನಲ್ಲ."

ನಮ್ಮದೇ ಮಾಲು

ಯಜಮಾನನಿಗೆ ಒಂದು ಹೆಮ್ಮೆಯಿತ್ತು. ಯಾವ ಗಿರಾಕಿ ಫೋನ್ ಮಾಡಿದರೂ ಅದೇ ಮಾತು: "ನಮ್ಮ ನಟ್ಟು ಒಂದ್ಸಲ ಬಿಗಿದ್ರೆ ಮುಗೀತು ಸ್ವಾಮೀ, ಯಾವನಪ್ಪ ಬಂದ್ರೂ ಬಿಚ್ಚೋಕಾಗಲ್ಲ!" ದಿನಕ್ಕೆ ಹತ್ತು ಸಲ ಕೇಳಿ ಕೇಳಿ ಶೆಡ್ಡಿನ ಎಲ್ಲರಿಗೂ ಬಾಯಿಪಾಠವಾಗಿತ್ತು.

ಇನ್ಸ್‌ಪೆಕ್ಟರ್ ಜಾಲರಿ ಇದೆ ಅಂತ ಬರೆದುಕೊಂಡು ಹೋದ ಮೇಲಿನ ಸೋಮವಾರ ಬೆಳಿಗ್ಗೆ ಯಜಮಾನ ನಗುನಗುತ್ತಾ ಬಂದ. "ಆಯ್ತಲ್ಲ, ಇನ್ನು ಬಿಚ್ಚಿ ಚಾಚಾ. ರಾಡು ದಂಡ ಆಗ್ತಾ ಅದೆ."

ಚಾಚಾ ಪಾನಾ ಹಾಕಿ ತಿರುಗಿಸಿದರು. ಅಲ್ಲಾಡಲಿಲ್ಲ. ನಾನು ಪಾನಾಗೆ ಪೈಪು ಸಿಕ್ಕಿಸಿ ಜೋತುಬಿದ್ದೆ. ಅಲ್ಲಾಡಲಿಲ್ಲ. "ಏನ್ ಗಂಡಸ್ರಯ್ಯಾ ನೀವು," ಅಂತ ಯಜಮಾನನೇ ಬಿಳಿ ಅಂಗಿ ತೋಳು ಮಡಿಸಿ, ಒಂದು ಕಾಲನ್ನು ಮಷೀನಿಗೆ ಒತ್ತಿ ಹಿಡಿದು ಎಳೆದ. ಪಾನಾ ಜಾರಿ, ಗುಜರಿ ರಾಶಿಯ ಮೇಲೆ ಅಂಗಾತ ಬಿದ್ದ. ಎದ್ದು ಹತ್ತಿರ ಹೋಗಿ ಬಗ್ಗಿ ನೋಡಿದ. ನಾಲ್ಕೂ ನಟ್ಟಿನ ನೆತ್ತಿಯ ಮೇಲೆ ಒಂದೊಂದು ದುಂಡನೆಯ ವೆಲ್ಡಿಂಗ್ ಚುಕ್ಕೆ. ಹುಡುಗಿಯ ಹಣೆಗೆ ಕುಂಕುಮ ಇಟ್ಟಷ್ಟು ಅಚ್ಚುಕಟ್ಟು.

"ಇದೇನಯ್ಯಾ ಇದು?"

"ನೀವೇ ಅಂದ್ರಲ್ಲ ಯಜಮಾನ್ರೇ, ಹುಟ್ಟಿದಾಗಿಂದ ಅಲ್ಲೇ ಇದ್ದಂಗೆ ಕಟ್ಟು ಅಂತ," ಅಂದರು ಚಾಚಾ.

"ಗ್ಯಾಸ್ ಕಟ್ಟರ್ ತರ್ಸು!"

"ತರ್ಸಿ. ಜಾಲರಿ ಜೊತೆ ಮಷೀನ್ ಮುಖಾನೂ ಹೋಗ್ತದೆ. ಡೈ ಅಚ್ಚು ಬದಲಾಯಿಸೋಕೆ ಪಕ್ಕದ ಬಾಗಿಲೈತಲ್ಲ, ಇದನ್ನ ಬಿಚ್ಚೋದು ಯಾಕೆ?"

"ಮತ್ತೆ ನಟ್ಟು? ಒಂದು ನಟ್ಟು ಬಿಚ್ಚೋಕೆ ಬರಲ್ವೇನಯ್ಯಾ ನಿಂಗೆ?"

ಚಾಚಾ ಪಾನಾ ಕೆಳಗಿಟ್ಟು, ಕೈ ಕಟ್ಟಿ ನಿಂತು, ಬಹಳ ಮರ್ಯಾದೆಯಿಂದ ಹೇಳಿದರು: "ನಮ್ಮದೇ ಮಾಲು ಯಜಮಾನ್ರೇ. ಒಂದ್ಸಲ ಬಿಗಿದ್ರೆ..."

ಉಳಿದದ್ದನ್ನು ಕುಲುಮೆಯಿಂದ ಪ್ಯಾಕಿಂಗ್‌ವರೆಗೆ ಇಡೀ ಶೆಡ್ಡೇ ಒಟ್ಟಿಗೆ ಕೂಗಿತು: "ಯಾವನಪ್ಪ ಬಂದ್ರೂ ಬಿಚ್ಚೋಕಾಗಲ್ಲ!"

ಆ ಸಂಜೆ ಚಾಚಾ ನಲ್ಲಿಯ ಹತ್ತಿರ ಕೈ ತೊಳೆದು, ಎಣಿಸದೆ, ಸುಮ್ಮನೆ ಒರೆಸಿಕೊಂಡು ನಮಾಜಿಗೆ ಹೋದರು.

ನಕ್ಕಿರಲ್ಲ? ಈಗ ಎದ್ದೇಳಿ. ನಿಮ್ಮ ಶೆಡ್ಡಿನಲ್ಲೂ ಒಂದು ಜಾಲರಿ ಇತ್ತು. ಅದು ಈಗ ಗೋಡೆಯ ಮೇಲಿದೆಯೋ, ಗೋಡೌನಿನಲ್ಲಿದೆಯೋ, ಯಾರ ತೋಟದ ಕೋಳಿಯ ಮೇಲಿದೆಯೋ ನಾಳೆ ಬೆಳಿಗ್ಗೆ ಹೋಗಿ ಹುಡುಕಿ. ತಂದು ಕಟ್ಟಿ. ನಾಲ್ಕೂ ನಟ್ಟಿನ ಮೇಲೆ ಚುಕ್ಕೆ ಇಡಿ. ಅಲ್ಲಿಯವರೆಗೆ ಪೆಡಲ್ ಮೇಲಿಂದ ಕಾಲು ತೆಗೆಯಿರಿ.